ಜೇಬೆಜ್ ಎತ್ತಿಕೊಟ್ಟ ಸಾಲು

ಲಂಡನ್ನಿನ ಸೆರೆಮನೆಯ ಆ ಕೋಣೆಯಲ್ಲಿದ್ದ ಆರು ಮಂದಿಯಲ್ಲಿ ಓದು ಬರುತ್ತಿದ್ದದ್ದು ಜೇಬೆಜ್ ಒಬ್ಬನಿಗೇ. ದಿನಾ ಸಂಜೆ ಅವನು ಬೈಬಲಿನ ಕೀರ್ತನೆ ಪುಸ್ತಕ ನೋಡಿ ಒಂದೊಂದೇ ಸಾಲು ಎತ್ತಿಕೊಡುವನು, ಉಳಿದವರು ಅದನ್ನೇ ಹಿಡಿದು ಹಾಡುವರು. ದೊರೆಯ ತಲೆ ತೆಗೆದ ದಿನ ವಧಾಕಟ್ಟೆಯ ಸುತ್ತ ಕಾವಲು ನಿಂತಿದ್ದ ಸಿಪಾಯಿಗಳು ಇವರು. ಹನ್ನೊಂದು ವರ್ಷ ಕಳೆದು ದೊರೆಯ ಮಗ ತಿರುಗಿ ಬಂದು ಪಟ್ಟವೇರಿದ್ದ. ನಾಳೆ ಇವರ ವಿಚಾರಣೆ.

ಮಧ್ಯಾಹ್ನ ಜೇಬೆಜ್‌ನ ಹೆಂಡತಿ ಮರ್ಸಿ ಬಂದು ಸರಳಿನಾಚೆ ನಿಂತಳು. ಮನೆಗೆ ಬರುವಾಗ ಹಾಕಿಕೊಳ್ಳಲೆಂದು ಒಗೆದ ಅಂಗಿ ತಂದಿದ್ದಳು.

"ರೀ, ಟೋಬಿಯಸ್ ಒಪ್ಪಿದಾನೆ. ಅವತ್ತು ನೀವು ಜ್ವರ ಬಂದು ಮಲಗಿದ್ರಿ, ಕಟ್ಟೆ ಹತ್ರಾನೇ ಇರ್ಲಿಲ್ಲ ಅಂತ ಹೇಳ್ತಾನಂತೆ."

ಟೋಬಿಯಸ್ ಇವರದೇ ದಳದವನು. ಗಾಳಿ ಬಂದತ್ತ ತೂರಿಕೊಂಡು ಈಗ ಅರಸನ ಕಡೆಯ ಸಾಕ್ಷಿಯಾಗಿದ್ದ.

"ಸುಮ್ಸುಮ್ನೆ ಹೇಳ್ತಾನಾ ಅವನು?"

"ಎಲ್ಲರ ಎದುರಿಗೆ ಮಂಡಿಯೂರಿ, ಹೊಸ ದೊರೆ ಹೆಸರಲ್ಲಿ ಒಂದು ಬಟ್ಟಲು ದ್ರಾಕ್ಷಾರಸ ಎತ್ತಿ ಕುಡೀಬೇಕಂತೆ. ಜೈಲರ್ ನೋಡಿದೆ ಅಂದ್ರೆ ಸಾಕಂತೆ."

ಮನುಷ್ಯನ ಹೆಸರಿನಲ್ಲಿ ಬಟ್ಟಲೆತ್ತುವುದೂ ಒಂದೇ, ವಿಗ್ರಹಕ್ಕೆ ಅಡ್ಡಬೀಳುವುದೂ ಒಂದೇ ಎಂದು ನಂಬಿದ ಜನ ಅವರು. ತಮ್ಮ ಮದುವೆಯಲ್ಲೂ ಎತ್ತಿರಲಿಲ್ಲ. ಜೇಬೆಜ್ ತಲೆ ತಗ್ಗಿಸಿದ.

"ನಿಮ್ಮ ನೇಮಾನ ನಾನು ಬೇಯಿಸ್ಕೊಂಡು ತಿನ್ಲಾ?" ಎಂದಳು ಮರ್ಸಿ. "ನಂಗೆ ಗಂಡ ಬೇಕು."

ಅವಳು ಹೋದ ಮೇಲೆ ಜೈಲರ್ ಬಟ್ಟಲು ತಂದ. ಕೋಣೆಯ ಉಳಿದ ಐವರೂ ನೋಡುತ್ತಿದ್ದರು. ಅವರಲ್ಲಿ ಹಿರಿಯನಾದ ಹೆಜೆಕಾಯ ಮೆಲ್ಲಗೆ, "ಬೇಡ ಕಣೋ ತಮ್ಮಾ. ಕತ್ತು ಉಳಿದೀತು, ತಲೆ ಎತ್ಕೊಂಡು ಓಡಾಡೋಕಾಗಲ್ಲ" ಎಂದ.

"ನಿಂಗೇನಣ್ಣಾ, ಹೊರಗೆ ಕಾಯೋರು ಯಾರಿದಾರೆ?" ಎಂದುಬಿಟ್ಟ ಜೇಬೆಜ್. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಮಂಡಿಯೂರಿ ದೊರೆಯ ಹೆಸರು ಹೇಳಿ ಕುಡಿದ. ದ್ರಾಕ್ಷಾರಸ ಹುಳಿತು ಹೋಗಿತ್ತು.

ಜೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುಡಿದೇಬಿಟ್ಯಲ್ಲಯ್ಯಾ ಭಕ್ತ! ಟೋಬಿಯಸ್ ಬೆಳಿಗ್ಗೇನೇ ಹೇಳಿಕೆ ಬರೆಸಿ ಹೋಗಿದಾನೆ. ಕಟ್ಟೆ ಮೆಟ್ಟಿಲು ಕಾಯ್ತಿದ್ದವನು ನೀನೇ ಅಂತೆ. ನೀನು ಮಂಡಿ ಊರ್ತೀಯೋ ಇಲ್ವೋ ಅಂತ ನಮ್ಮಿಬ್ಬರದೂ ಪಂದ್ಯ ಇತ್ತು. ಗೆದ್ದೆ ನಾನು!"

ಹೆಜೆಕಾಯ ಗೋಡೆಯ ಕಡೆ ತಿರುಗಿ ಕುಳಿತ.

ಸಂಜೆ, ಕಿಂಡಿಯ ಬೆಳಕು ಆರುವ ಮೊದಲು, ಜೇಬೆಜ್ ಪುಸ್ತಕ ತೆರೆದು ಮೊದಲ ಸಾಲು ಎತ್ತಿಕೊಟ್ಟ. ಯಾರೂ ಹಿಡಿಯಲಿಲ್ಲ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೊಟ್ಟ. ಯಾರೋ ಕೆಮ್ಮಿದರು, ಅಷ್ಟೆ. ಕೊನೆಗೆ ಆ ಸಾಲನ್ನು ತಾನೇ ಹಾಡಿಕೊಂಡು, ಎರಡನೆಯದರ ಮೇಲೆ ಬೆರಳಿಟ್ಟ.