ಎಡಗಡೆಯ ಗರಗರ

ಸ್ಪೀಕರ್ ರಿಪೇರಿಯವನ ಅಂಗಡಿಯಲ್ಲಿ ಮೀಟರುಗಳಿಗೇನೂ ಬರವಿರಲಿಲ್ಲ. ಆದರೂ ಒಂದು ಸ್ಪೀಕರು ಸರಿಹೋಯಿತೋ ಇಲ್ಲವೋ ಎಂದು ಅನುಮಾನ ಬಂದರೆ ಅವನು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಮನೆಯಲ್ಲಿ ತಂಗಿ ಇದ್ದಳು. ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಅವಳು ಸ್ಪೀಕರಿನ ಮುಂದೆ ಕಣ್ಣು ಮುಚ್ಚಿ ಕೂರುವಳು. ಸರಿ ಅಂದರೆ ಮಾಲು ಗಿರಾಕಿಯ ಮನೆಗೆ, ಇಲ್ಲ ಅಂದರೆ ಮತ್ತೆ ಮೇಜಿನ ಮೇಲಕ್ಕೆ, ಅದರ ಮೇಲೆ ಅಪೀಲಿಲ್ಲ. ತನ್ನ ಅಸಲಿ ಮೀಟರು ಮನೆಯಲ್ಲಿದೆ ಎಂದು ಅವನು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ತಂಗಿ ಮದುವೆಯ ಗೊಡವೆಗೇ ಹೋದವಳಲ್ಲ. ಐವತ್ತು ದಾಟಿದ ಅವಳನ್ನು ಅವನು ಈಗಲೂ ಪುಟ್ಟಿ ಎಂದೇ ಕರೆಯುತ್ತಿದ್ದ.

ಅಂಥ ಪುಟ್ಟಿ ಒಂದು ಬೆಳಿಗ್ಗೆ, ನಮ್ಮ ಮನೆಯ ಸ್ಟೀರಿಯೋದಲ್ಲೇ ಎಡಗಡೆಯ ಸ್ಪೀಕರು ಗರಗರ ಅನ್ನುತ್ತಿದೆ ಎಂದಳು. ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಆ ಜೋಡಿಯನ್ನು ಅವನೇ ಕೈಯಾರೆ ಕಟ್ಟಿದ್ದ, ಡಬ್ಬದ ಮರ ಕೂಡ ಅವನೇ ಕೊಯ್ದದ್ದು. ಕಿವಿಗೊಟ್ಟು ಕೇಳಿದ, ಗರಗರವೂ ಇಲ್ಲ, ಗುರುಗುರುವೂ ಇಲ್ಲ. ಆದರೆ ಅವನಿಗೆ ಕೇಳಿಸದ್ದು ಅವಳಿಗೆ ಕೇಳಿಸುವುದು ಹೊಸದೇನೂ ಅಲ್ಲ. ವಯಸ್ಸಾಯಿತು, ನನ್ನ ಕಿವಿಯೇ ಮಂದವಾಗಿರಬೇಕು ಎಂದುಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡ.

ಬಿಚ್ಚಿ ನೋಡಿದರೆ ಎಂಥ ಸ್ಪೀಕರಿನಲ್ಲೂ ಏನಾದರೊಂದು ಸಿಕ್ಕೇ ಸಿಗುತ್ತದೆ. ಮೊದಲ ಸಲ ಹಿಂದಿನ ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದ. ಈಗ ಪರವಾಗಿಲ್ಲ ಎಂದಳು. ಎರಡು ದಿನ ಬಿಟ್ಟು ಮತ್ತೆ ಗರಗರ. ಕಾಗದದ ಕೋನಿನ ಸುತ್ತಲಿನ ರಬ್ಬರು ಒಣಗಿತ್ತು, ಹೊಸದು ಅಂಟಿಸಿದ. ಸ್ವಲ್ಪ ವಾಸಿ ಎಂದಳು. ಆಮೇಲೆ ಕಾಯಿಲಿನ ಸಂದಿಯ ಧೂಳು ತೆಗೆದ, ಹಳೆಯ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದ, ಕೊನೆಗೆ ಕೋನನ್ನೇ ಬದಲಾಯಿಸಿದ. ಪ್ರತಿ ಸಲವೂ ಅವಳು ಕಣ್ಣು ಬಿಟ್ಟಾಗ ಎದುರಿಗೆ ಕಾಣುತ್ತಿದ್ದುದು ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತ ಅಣ್ಣನ ಮುಖ. ಯಾರ ಸ್ಪೀಕರಿಗೂ ದಾಕ್ಷಿಣ್ಯ ತೋರಿಸದವಳು ಆ ಮುಖಕ್ಕೆ ತೋರಿಸಿದಳು. ಇಬ್ಬರೂ ಕೆಟ್ಟದ್ದು ಅಲ್ಲೇ.

ಅದೇ ದಿನಗಳಲ್ಲಿ ಹಾಡಿನ ಮಕ್ಕಳಿಗೂ ಗ್ರಹಚಾರ ಕಾದಿತ್ತು. ಬಾಯಿ ತೆರೆದರೆ ಸಾಕು, ಶ್ರುತಿ ಬಿಟ್ಟಿರಿ ಎಂದು ಟೀಚರು ರೇಗುತ್ತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಹಾಡುವ ಹುಡುಗಿಯೊಬ್ಬಳು ಬೈಸಿಕೊಂಡು ಅಳುತ್ತ ಮನೆಗೆ ಹೋದಳು. ಒಳಗೆ ಕೂತಿದ್ದ ಅಣ್ಣನಿಗೆ ಅದೆಲ್ಲ ಕೇಳಿಸಿತ್ತು. ಮಗು ಸರಿಯಾಗಿಯೇ ಹಾಡಿತಲ್ಲ ಎಂದು ಅನಿಸಿಯೂ ಇತ್ತು. ಹಾಡು ಅವಳ ಇಲಾಖೆ, ಸ್ಪೀಕರು ನನ್ನದು ಎಂದು ಅವನು ತಲೆ ತಗ್ಗಿಸಿ ಬೆಸುಗೆ ಹಾಕುತ್ತ ಕೂತ.

ಕಡೆಗೆ, ಈ ಕಸುಬಿಗೆ ಬಂದ ಹೊಸಬನೂ ಮೊದಲು ಮಾಡುವ ಪರೀಕ್ಷೆಗೆ ಇಳಿದ. ಎಡಬಲದ ವೈರುಗಳನ್ನು ಅದಲುಬದಲು ಮಾಡಬೇಕು. ಗರಗರ ಇನ್ನೊಂದು ಸ್ಪೀಕರಿಗೆ ಹೋದರೆ ತಪ್ಪು ಆಂಪ್ಲಿಫೈಯರಿನದು, ಇದ್ದಲ್ಲೇ ಇದ್ದರೆ ಸ್ಪೀಕರಿನದು. ಇಷ್ಟು ದಿನ ಇದನ್ನು ಯಾಕೆ ಮಾಡಿರಲಿಲ್ಲವೆಂದರೆ, ಎಡಗಡೆಯ ಸ್ಪೀಕರು ಎಂದು ಹೇಳಿದವಳು ಪುಟ್ಟಿ. ಪುಟ್ಟಿ ಹೇಳಿದ ಮೇಲೆ ಪರೀಕ್ಷೆ ಯಾತಕ್ಕೆ? ವೈರು ಬದಲಾಯಿಸಿದ. ಎಡಗಡೆಯೇ ಎಂದಳು. ಡಬ್ಬಗಳನ್ನೇ ಎತ್ತಿ ಜಾಗ ಬದಲಿಸಿದ. ಆಗಲೂ ಎಡಗಡೆಯೇ ಎಂದಳು. ಬದಲಾಯಿಸಿ ನೋಡಲು ಇನ್ನು ಉಳಿದದ್ದು ಒಂದೇ.

"ಪುಟ್ಟೀ, ಕುರ್ಚಿ ತಿರುಗಿಸ್ಕೊಂಡು ಆ ಕಡೆ ಗೋಡೆ ನೋಡ್ತಾ ಕೂತ್ಕೋ."

ಅವಳು ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತಳು. ಹಾಡು ಶುರುವಾಯಿತು. ಅವಳ ಎಡಗೈ ತಾನಾಗಿಯೇ ಎದ್ದು, ಇಲ್ಲಿಯವರೆಗೆ ಚೆನ್ನಾಗಿದೆ ಎನ್ನುತ್ತಿದ್ದ ಬದಿಯ ಕಡೆಗೆ ತೋರಿಸಿತು, ತೋರಿಸುತ್ತಿದ್ದಂತೆಯೇ ಅರ್ಧಕ್ಕೆ ನಿಂತಿತು. ರಿಪೇರಿಯವನ ಮನೆಯಲ್ಲಿ ಅಷ್ಟು ವರ್ಷ ಬಾಳಿದವಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕೆಟ್ಟದ್ದು ಅವಳ ಎಡಗಿವಿ. ಅವನು ಹಾಡು ನಿಲ್ಲಿಸಿ, ಚಪ್ಪಲಿ ಹಾಕಿಕೋ, ಹೋಗೋಣ ಎಂದ.

ಕಿವಿ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೆದು. ತಂಗಿಯನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಬೇಕೆಂದು ಹೇಳಿದಳು. ಅಣ್ಣ ಹೊರಗಿನಿಂದ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಬಲಗಿವಿಯ ಸರದಿಯಲ್ಲಿ ಆ ಬೆರಳು ಚುರುಕಾಗಿ ಆಡಿತು. ಎಡಗಿವಿಯದು ಬಂದಾಗ ಬಹಳ ಹೊತ್ತು ಸುಮ್ಮನೇ ಇತ್ತು. ನಂತರ ಡಾಕ್ಟರು, ಒಳಗಿವಿಗೆ ಏಟು ಬಿದ್ದಿದೆ, ಯಾವಾಗಿನಿಂದ ಹೀಗೆ ಎಂದು ಕೇಳಿದಳು.

"ಮೊನ್ನೆಯಿಂದ," ಎಂದಳು ತಂಗಿ, ಅಣ್ಣನ ಕಡೆ ನೋಡದೆ.

ಡಾಕ್ಟರ ಮುಖ ಅರಳಿತು. ಬೇಗ ಬಂದದ್ದು ಒಳ್ಳೆಯದಾಯಿತು, ಶುರುವಿನಲ್ಲೇ ಮಾತ್ರೆ ಕೊಟ್ಟರೆ ಎಷ್ಟೋ ಜನಕ್ಕೆ ಕಿವಿ ವಾಪಸು ಬರುತ್ತದೆ ಎನ್ನುತ್ತ ಪೆನ್ನು ತೆಗೆದಳು. ಆ ಸುಳ್ಳು ಯಾರನ್ನು ಉಳಿಸಲು ಹೇಳಿದ್ದೆಂದು ಅಣ್ಣನಿಗೆ ಗೊತ್ತಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಗಿರಾಕಿಗಳು ನಿನ್ನೆವರೆಗೂ ಚೆನ್ನಾಗಿತ್ತು ಎಂದು ಹೇಳುವ ಸುಳ್ಳಿನಿಂದ ರಿಪೇರಿ ಹೇಗೆ ದಾರಿ ತಪ್ಪುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಇಲ್ಲ ಡಾಕ್ಟ್ರೇ, ಒಂದೂವರೆ ತಿಂಗಳ ಮೇಲಾಯ್ತು. ನಾನು ಸ್ಪೀಕರ್ ಬಿಚ್ಚಿ ಬಿಚ್ಚಿ ನೋಡ್ತಾ ಕೂತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟಳು. ಮಾತ್ರೆಯನ್ನೇನೋ ಕೊಟ್ಟಳು, ಭರವಸೆ ಕೊಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಅವನು, ನನ್ನನ್ನು ಬೈದುಬಿಡು ಎಂದ.

"ಬೈಯೋಕೆ ಏನಿದೆ ಅಣ್ಣ. ವಾಸಿ, ವಾಸಿ ಅಂತ ನಿನ್ನ ನಂಬಿಸಿದ್ದು ನಾನು," ಎಂದಳು ತಂಗಿ.

ಮಾತ್ರೆ ಮುಗಿಯಿತು, ಕಿವಿ ಬರಲಿಲ್ಲ. ತಂಗಿ ಹಾಡಿನ ಕ್ಲಾಸು ನಿಲ್ಲಿಸಿದಳು. ಅಳುತ್ತ ಹೋಗಿದ್ದ ಹುಡುಗಿಯ ಮನೆಗೆ ತಾನೇ ಹೋಗಿ, ತಪ್ಪು ನಿನ್ನದಲ್ಲ ಎಂದು ಹೇಳಿ ಬಂದಳು. ಅಣ್ಣ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿದ: ಎರಡೂ ಕಡೆಯ ಹಾಡನ್ನು ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟು, ಅದನ್ನು ಅವಳ ಬಲಕ್ಕೆ ಇಟ್ಟ. ಎಡಗಿವಿಗೆ ಅವಳೇ ಹತ್ತಿ ಇಟ್ಟುಕೊಂಡು ಕೂತಳು. ಅವನು ಹಾಡು ಹಚ್ಚಿ ಬಾಗಿಲಲ್ಲಿ ನಿಂತ. ಅವಳು ಕಣ್ಣು ತೆರೆದು ಪರವಾಗಿಲ್ಲ ಎಂದಳು.

"ನಿಜ ಹೇಳು ಪುಟ್ಟಿ."

"ಸರಿ ಇಲ್ಲ ಅಣ್ಣ," ಎಂದಳು. "ಏನೂ ಸರಿ ಇಲ್ಲ."

ಅವನು ಸ್ಕ್ರೂಡ್ರೈವರ್ ತೆಗೆದುಕೊಳ್ಳಲಿಲ್ಲ. ಸ್ವಿಚ್ಚು ಆರಿಸಿ, ಅವಳ ಪಕ್ಕದಲ್ಲಿ ಕೂತ.