ಪೋಸ್ಟಿನ ಚೀಲದಲ್ಲಿ ಎರಡು ಮರಿ

ಪುತ್ತಿಗೆಯ ಸುತ್ತಿನ ಮನೆಗಳಿಗೆ ಟಪಾಲು ಹಂಚುತ್ತಿದ್ದ ವೀರರಾಜನಿಗೆ ನಾಯಿಯೆಂದರೆ ಪ್ರಾಣಭಯ. ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ನೋಡಿ ಅಪ್ಪ ಅಷ್ಟು ಅವಸರದಲ್ಲಿ ವೀರನೆಂದು ತೀರ್ಮಾನಿಸಬಾರದಿತ್ತು, ಸ್ವಲ್ಪ ಕಾಯಬಹುದಿತ್ತು ಎಂದು ಅವನೇ ಹೇಳಿಕೊಂಡು ನಗುವುದಿತ್ತು.

ಅವನನ್ನು ಹೆಚ್ಚು ಓಡಿಸಿದ್ದು ಪದವು ಎಂಬ ಹುಲ್ಲುಗುಡ್ಡದ ಬುಡದ ಲೋಲಾಕ್ಷಿಯ ಮನೆಯ ಬಿಳಿ ನಾಯಿ, ಬೊಳ್ಳಿ. ೧೯೫೮ರ ದೀಪಾವಳಿಯ ಮರುವಾರ ಅದು ಅವನನ್ನು ಗದ್ದೆಯ ಬದುವಿನುದ್ದಕ್ಕೂ ಅಟ್ಟಿಸಿಕೊಂಡು ಬಂದು ತೋಡಿಗೆ ಇಳಿಸಿತು. ಸೊಂಟದವರೆಗಿನ ನೀರಿನಲ್ಲಿ ನಿಂತು, ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು, "ಇದು ಸರಕಾರಿ ಕೆಲಸಕ್ಕೆ ಅಡ್ಡಿ" ಎಂದು ಅವನು ನಾಯಿಗೆ ಎಚ್ಚರಿಕೆ ಕೊಟ್ಟದ್ದನ್ನು ಗದ್ದೆಯಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು.

ಮರುದಿನವೇ ಅವನು ತನ್ನ ದಾರಿಯ ನಾಯಿಯಿರುವ ಐದೂ ಮನೆಗಳಿಗೆ ಹೇಳಿಬಿಟ್ಟ: "ಹತ್ತು ಗಂಟೆಯಿಂದ ನಾನು ಬಂದು ಹೋಗುವವರೆಗೆ ನಾಯಿಯನ್ನು ಕಟ್ಟಬೇಕು. ಇಲ್ಲದಿದ್ದರೆ ಕಾಗದ ಅಂಗಡಿಯಲ್ಲೇ ಇಡ್ತೇನೆ." ಲೋಲಾಕ್ಷಿಯ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದ, ಅವನ ಕಾಗದಕ್ಕಾಗಿ ಅವಳು ಒಪ್ಪಲೇಬೇಕಾಯಿತು. ದನದ ಹಟ್ಟಿಯ ಕಂಬಕ್ಕೆ ಹಗ್ಗ ಬಿಗಿದಾಗ ವೀರರಾಜ ದೂರದಿಂದ ನೋಡಿ, "ಇನ್ನೊಂದು ಗಂಟು ಹಾಕಿ" ಎಂದಿದ್ದ.

ಮಾರ್ಚ್ ತಿಂಗಳ ಒಂದು ದಿನ, ಹನ್ನೊಂದರ ಹೊತ್ತಿಗೆ, ಅವನು ಆ ದಾರಿಯಲ್ಲಿ ಬರುವಾಗ ಪದವಿನ ಮೇಲೆ ದಟ್ಟ ಹೊಗೆ ಎದ್ದಿತ್ತು. ಒಣಗಿ ನಿಂತ ಮುಳಿಹುಲ್ಲು ಚಟಚಟನೆ ಉರಿಯುವ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ಎದುರಿನಿಂದ ಪದವಿನಲ್ಲಿ ಆಡು ಮೇಯಿಸುವ ಬೀಯಮ್ಮ ಅವುಗಳನ್ನು ಎಳೆದುಕೊಂಡು ಓಡಿಬಂದಳು.

"ಆಚೆ ಹೋಗ್ಬೇಡಿ ಪೋಸ್ಟಿನವರೇ! ಎಲ್ಲರೂ ಹಸಿ ಸೊಪ್ಪಿನ ಗೆಲ್ಲು ಹಿಡ್ಕೊಂಡು ಬೆಂಕಿ ಬಡೀಲಿಕ್ಕೆ ಮೇಲೆ ಹೋಗಿದ್ದಾರೆ."

"ಲೋಲಾಕ್ಷಿಯಕ್ಕನ ದನಗಳು?"

"ಬಿಚ್ಚಿ ಗದ್ದೆಗೆ ಅಟ್ಟಿ ಆಯ್ತು."

"ನಾಯಿ?"

"ನಾಯಿಯನ್ನು ಯಾರಾದ್ರೂ ಕಟ್ತಾರಾ ಮಾರಾಯ್ರೆ? ಅದು ಓಡಿರ್ತದೆ."

"ಕಟ್ತಾರೆ," ಎಂದ ವೀರರಾಜ. ದನ ಬಿಚ್ಚುವುದು ಎಲ್ಲರಿಗೂ ರೂಢಿ. ನಾಯಿಯನ್ನು ಬಿಚ್ಚುವ ನೆನಪು ಯಾರಿಗೆ ಬರಬೇಕು? ಆ ಊರಿನಲ್ಲಿ ಅದನ್ನು ಕಟ್ಟುವ ಪದ್ಧತಿ ಶುರುಮಾಡಿದ ಮಹಾನುಭಾವ ಇಲ್ಲೇ ನಿಂತಿದ್ದನಲ್ಲ.

ತನಗಿಂತ ಮೊದಲು ಬೇರೆ ಯಾರಾದರೂ ತಲುಪಿರಲಿ ಎಂದು ಹಾರೈಸುತ್ತಲೇ ಅವನು ಓಡಿದ. ಯಾರೂ ಇರಲಿಲ್ಲ. ಹುಲ್ಲಿನ ಮೆದೆಗೆ ಆಗಲೇ ಕಿಡಿ ತಗಲಿತ್ತು. ಹಟ್ಟಿಯ ಕಂಬದಲ್ಲಿ ಬೊಳ್ಳಿ, ಅದರ ಹೊಟ್ಟೆಯಡಿ ಮೂರು ಮರಿ. ಅವನನ್ನು ಕಂಡದ್ದೇ ಅದು ಹಲ್ಲು ಕಿರಿಯಿತು.

"ನೋಡು ಬೊಳ್ಳಿ, ದಯವಿಟ್ಟು ಸಹಕರಿಸಬೇಕು," ಎಂದ. ಹೆದರಿಕೆಯಲ್ಲಿ ಕಚೇರಿಯ ಕನ್ನಡವೇ ಬಂದಿತ್ತು. ನಾಯಿಗೆ ತುಳು ಬಿಟ್ಟು ಬೇರೆ ಅಭ್ಯಾಸವಿಲ್ಲವೆಂದು ಹೊಳೆದದ್ದು ಆಮೇಲೆ.

ಗಂಟು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಎರಡನೆಯದಂತೂ ಕಲ್ಲಿನ ಹಾಗಿತ್ತು. ಜಗಲಿಯಲ್ಲಿದ್ದ ಕತ್ತಿ ತಂದು, ಕಣ್ಣು ಅರ್ಧ ಮುಚ್ಚಿ, ಕಂಬದ ಹತ್ತಿರವೇ ಹಗ್ಗ ಕಡಿದ. ಕಡಿದ ಮೇಲೆ ನಾಯಿ ಓಡಬೇಕಷ್ಟೆ? ಅದು ಮರಿಗಳ ಹತ್ತಿರ ನಿಂತೇ ಇತ್ತು. ಅವನು ಕಾಗದಗಳನ್ನು ಅಂಗಿಯೊಳಗೆ ತುರುಕಿ, ಬರಿದಾದ ಚೀಲಕ್ಕೆ ಒಂದು ಮರಿ ಹಾಕಿದ. ಬೊಳ್ಳಿ ಅವನ ಮಣಿಕಟ್ಟನ್ನು ಬಾಯಲ್ಲಿ ಹಿಡಿಯಿತು. ಸತ್ತೆ ಎಂದುಕೊಂಡ. ಕಚ್ಚಲಿಲ್ಲ, ಒಂದು ಗಳಿಗೆ ಹಿಡಿದು, ಬಿಟ್ಟು, ಒಂದು ಮರಿಯನ್ನು ತಾನೇ ಕಚ್ಚಿಕೊಂಡು ಗದ್ದೆಯ ಕಡೆ ಓಡಿತು. ಉಳಿದದ್ದನ್ನೂ ಚೀಲಕ್ಕೆ ಹಾಕಿ ಅವನು ಹಿಂದೆ ಓಡಿದ. ನಾಯಿಯ ಹಿಂದೆ ಓಡುವುದು ಅವನಿಗೆ ಅದೇ ಮೊದಲು.

ಉತ್ತ ಗದ್ದೆಯ ನಡುವೆ ಅವನು ಕುಸಿದು ಕೂತ. ಮರಿಗಳನ್ನು ಇಳಿಸಿದೊಡನೆ ಬೊಳ್ಳಿ ಮೂರನ್ನೂ ನೆಕ್ಕಿ ಒರಗಿತು. ಅವನ ಕಡೆ ತಿರುಗಿಯೂ ನೋಡಲಿಲ್ಲ.

ಗಂಟೆಯೊಳಗೆ ಬೆಂಕಿ ಆರಿತು. ಮೆದೆಯೂ ಹಟ್ಟಿಯ ಮಾಡೂ ಹೋಗಿತ್ತು, ಮನೆ ಉಳಿದಿತ್ತು. ಮುಖವೆಲ್ಲ ಮಸಿಯಾದ ಲೋಲಾಕ್ಷಿ ಓಡಿಬಂದು ಬೊಳ್ಳಿಯನ್ನು ತಬ್ಬಿಕೊಂಡು ಅತ್ತಳು.

"ನೀವು ಇಲ್ಲದಿದ್ರೆ ಇದರ ಕತೆ ಮುಗೀತಿತ್ತು."

"ನಾನು ಇಲ್ಲದಿದ್ರೆ ಇದನ್ನು ಕಟ್ಟುವವರೇ ಇರ್ಲಿಲ್ಲ ಅಕ್ಕ," ಎಂದ ವೀರರಾಜ. "ಇನ್ನು ಮಳೆ ಬೀಳುವವರೆಗೆ ಕಟ್ಟುದು ಬೇಡ. ನಾನು ತೋಡಿನಾಚೆಯಿಂದ ಕೂಗ್ತೇನೆ."

ಬೊಂಬಾಯಿಯ ಕಾಗದವನ್ನು ಅಂಗಿಯೊಳಗಿಂದ ತೆಗೆದು ಕೊಟ್ಟ. ಬೆವರಿಗೆ ವಿಳಾಸವೆಲ್ಲ ಕಲೆಸಿಹೋಗಿತ್ತು.

ಅಂದೇ ಇದನ್ನೇ ಹೇಳಲು ಉಳಿದ ನಾಲ್ಕು ಮನೆಗಳಿಗೂ ನಡೆದ. ಕೊನೆಯದು ವಯಸ್ಸಾದ ಅನಂತಮತಿಯಮ್ಮನ ಮನೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಕಟ್ಟಿ ಅಂದವ ನೀನೇ ಅಲ್ವನಾ?"

"ಹೌದಮ್ಮ. ಆಗ ಬುದ್ಧಿ ಇರ್ಲಿಲ್ಲ."

"ಈಗ ಉಂಟಾ?"

"ಸ್ವಲ್ಪ ಉಂಟು. ನಾನು ಬೇಲಿ ದಾಟಿದ ಮೇಲೆ ಬಿಚ್ಚಿ."

ಅನಂತಮತಿಯಮ್ಮ ಅಷ್ಟು ಹೊತ್ತು ಕಾಯಲಿಲ್ಲ.