ಯೂಫೋನಿಯಂ ಊದುವ ಸರದಿ

ಬೆರಳುಗಳಿಗೆ ಹಿತ್ತಾಳೆಯ ವಾಸನೆ, ಅದರ ಮೇಲೆ ಬೆರಳಲ್ಲಿ ಒತ್ತುವ ವಾಲ್ವಿಗೆ ಹಾಕಿದ ಎಣ್ಣೆಯ ಘಾಟು, ಎಷ್ಟು ಒರೆಸಿದರೂ ಹೋಗುತ್ತಿಲ್ಲ, ಬಟ್ಟೆಗೆ ಒರೆಸಿಕೊಳ್ಳಬಾರದಿತ್ತು, ಕಲೆಯಾಯಿತು, ಆಗಲಿ, ತೊಡೆಯ ಮೇಲೆ ಈ ಯೂಫೋನಿಯಂ, ಈ ದಪ್ಪ ಹಿತ್ತಾಳೆ ತುತ್ತೂರಿ, ದೊಡ್ಡ ಮಗುವಿನ ಹಾಗೆ ಕೂತಿರುವಾಗ ನನ್ನ ಬಟ್ಟೆ ಯಾರಿಗೆ ಕಾಣುತ್ತದೆ, ಮುಖವೂ ಅರ್ಧವೇ ಕಾಣುವುದು, ಅದಕ್ಕೇ ಅಲ್ಲವೇ ಇದನ್ನು ಕೊಂಡದ್ದು — ಮುಂದೆ ಕ್ಲಾರಿನೆಟ್ಟಿನವರು ಊದುತ್ತಿದ್ದಾರೆ, ಹಿಂದೆ ಡ್ರಮ್ಮು, ನನಗಿನ್ನೂ ಬಿಡುವು, ನನ್ನ ಸ್ವರದ ಹಾಳೆಯಲ್ಲಿ ಖಾಲಿ ಮನೆಗಳು, ಅವು ಮುಗಿದರೆ ಎಲ್ಲರೂ ನಿಲ್ಲುತ್ತಾರೆ, ಬ್ಯಾಂಡ್ ಮೇಷ್ಟ್ರ ಕೋಲು ಗಾಳಿಯಲ್ಲಿ ನಿಲ್ಲುತ್ತದೆ, ಆಮೇಲೆ ನಾನೊಬ್ಬಳೇ. ಸರಿಯಾಗಿ ಊದಿದ್ರೆ ಈ ಕುರ್ಚಿ ನಿಂದು, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಮ್ಮ, ಬೇಜಾರು ಮಾಡ್ಕೋಬೇಡ, ಎಂದಿದ್ದರು ಮೇಷ್ಟ್ರು, ನಾನು ತಲೆಯಾಡಿಸಿದ್ದೆ, ನಾನು ಎಲ್ಲದಕ್ಕೂ ತಲೆಯಾಡಿಸುತ್ತೇನೆ, ಕೆಲಸದ ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳಿ ಎಂದಾಗಲೂ ತಲೆಯಾಡಿಸಿ ಎದ್ದು ಬಂದವಳು. ಇದು ಸಮುದ್ರ ದಾಟಿ ಬಂದ ದಿನ ಪೆಟ್ಟಿಗೆಯ ತುಂಬ ಸ್ಪಂಜು, ಓದಲಾಗದ ಲಿಪಿಯ ಚೀಟಿ, ಮಧ್ಯದಲ್ಲಿ ಇದು, ಚಿನ್ನದ ಹಾಗೆ, ಚಿನ್ನವಲ್ಲದ ಹಾಗೆ. ಅಗ್ಗದ್ದು ಅಂತ ಹೆದರ್ಬೇಡಿ ಮೇಡಂ, ತಂದವನು ನಾನು, ಹೇಳ್ತೀನಿ ಕೇಳಿ, ಮೂರು ವಾಲ್ವನ್ನೂ ಒಟ್ಟಿಗೆ ಮಾತ್ರ ಬಿಚ್ಬೇಡಿ, ಅದಲು ಬದಲಾದ್ರೆ ಗಾಳಿ ಹೋಗಲ್ಲ, ಒಂದು ಬಿಚ್ಚಿ, ಎಣ್ಣೆ ಹಾಕಿ, ಕೂರಿಸಿ, ಆಮೇಲೆ ಇನ್ನೊಂದು — ಅಂಗಡಿಯವರು ಹೇಳಿದ್ದರು. ತಲೆಯಾಡಿಸಿದ್ದೆ. ಚಿಕ್ಕಮ್ಮ ನಕ್ಕು ನಕ್ಕು ಸಾಕಾಗಿದ್ದಳು, ನೋಡಕ್ಕ, ಮನುಷ್ಯರಿಗೆ ಬಾಯಿ ಕೊಡದ ನಿನ್ ಮಗಳು ಈ ಹಂಡೆಗೆ ಬಾಯಿ ಕೊಟ್ಟು ಕೂತಿದಾಳೆ. ಆದರೆ ಮೊದಲ ಸ್ವರ ಬಂತಲ್ಲ, ದಪ್ಪಗೆ, ಬೆಚ್ಚಗೆ, ಗೋಡೆಯ ಕ್ಯಾಲೆಂಡರು ನಡುಗುವ ಹಾಗೆ, ಅಮ್ಮ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತಳು, ನೀನೇನೇ ಇದು, ಎಂದಳು, ಹ್ಞೂಂ ಅಮ್ಮ, ನಾನೇ. ಹಾಗೆ ಹೇಳಿದ್ದು ಹುಟ್ಟಿದ ಮೇಲೆ ಮೊದಲ ಸಲ ಅನ್ನಿಸಿತ್ತು.

ಬೆಳಿಗ್ಗೆ ಏಕೆ ಬಿಚ್ಚಿದೆ, ಹೆದರಿಕೆಗೆ, ಕೈಗೊಂದು ಕೆಲಸ ಬೇಕಿತ್ತು, ಮೂರನ್ನೂ ಬಿಚ್ಚಿ ಟವೆಲಿನ ಮೇಲೆ ಸಾಲಾಗಿ ಮಲಗಿಸಿದೆ, ಒಂದು, ಎರಡು, ಮೂರು, ಅಷ್ಟರಲ್ಲಿ ಅಮ್ಮ, ಅಯ್ಯೋ, ಹೊಸ ಟವೆಲ್ಲಿಗೇ ಎಣ್ಣೆ ಹಚ್ಚಿದೀಯಲ್ಲೇ, ಎಂದು ಎಳೆದಳು, ಮೂರೂ ಉರುಳಿದವು. ಇದರ ವಾಲ್ವುಗಳ ಮೇಲೆ ನಂಬರು ಕೆತ್ತಿಲ್ಲ, ಅಗ್ಗದ್ದರಲ್ಲಿ ಇರುವುದಿಲ್ಲವೇನೋ, ಯಾವುದನ್ನು ಎಲ್ಲಿ ಹಾಕಿದರೂ ಟಕ್ ಎಂದು ಕೂರುತ್ತದೆ, ಕೂತಿತು, ಬಸ್ಸಿಗೆ ಹೊತ್ತಾಗಿತ್ತು, ಓಡಿ ಬಂದೆ. ಶ್ರುತಿ ಸೇರಿಸುವಾಗ ಊದಿದ್ದರೆ ಆಗಲೇ ಗೊತ್ತಾಗುತ್ತಿತ್ತು, ಆದರೆ ಮುಂದಿನ ಸಾಲಿನವರೆಲ್ಲ ಹೊಸ ವಾದ್ಯ ನೋಡಲು ತಿರುಗಿದರಲ್ಲ, ಅಷ್ಟು ಕಣ್ಣು, ನಾನು ಕೆನ್ನೆ ಉಬ್ಬಿಸಿದೆ, ಊದಲಿಲ್ಲ, ಊದಿದ ಹಾಗೆ ಮಾಡಿದೆ. ಪಕ್ಕದಲ್ಲಿ ಟ್ಯೂಬಾ ಊದುವ ಅಜ್ಜ, ಏನವ್ವ, ಸೇರ್ತಾ ಶ್ರುತಿ, ಎಂದರು. ತಲೆಯಾಡಿಸಿದೆ. ಈಗ, ಡ್ರಮ್ಮು ಜೋರಾದಾಗ, ಮೆಲ್ಲಗೆ ಊದಿ ನೋಡಿದೆ — ಗಾಳಿ ಹೋಗಲಿಲ್ಲ. ಗೋಡೆಗೆ ಊದಿದ ಹಾಗೆ. ಉಸಿರು ತಿರುಗಿ ಬಂದು ಕಿವಿಯಲ್ಲಿ ಕಟ್ಟಿತು. ವಾಲ್ವು ಅದಲು ಬದಲಾಗಿದೆ, ಯಾವುದು ಯಾವುದರ ಜಾಗದಲ್ಲಿದೆಯೋ, ವಾಲ್ವಿನ ಮುಚ್ಚಳ ತಿರುಗಿಸುತ್ತೇನೆ, ತಿರುಪು ಓರೆಯಾಗಿ ಕಚ್ಚಿಕೊಂಡಿದೆ, ಬೆರಳು ಜಾರುತ್ತದೆ, ಎಣ್ಣೆ, ಬೆವರು, ಹಾಳೆಯಲ್ಲಿ ಖಾಲಿ ಮನೆಗಳು ಕಮ್ಮಿಯಾಗುತ್ತಿವೆ.

ಹೇಳಿಬಿಡಬೇಕು. ಸರ್, ಸ್ವಲ್ಪ ನಿಲ್ಲಿಸಿ. ಅಷ್ಟೇ. ಆದರೆ ಹೋದ ತಿಂಗಳು, ನಾನು ಕೇಳಲು ಬಂದು ಕೂತಿದ್ದ ದಿನ, ಒಬ್ಬ ಕೊಳಲಿನ ಹುಡುಗಿ ನಡುವೆ ನಿಲ್ಲಿಸಿದಾಗ ಮೇಷ್ಟ್ರು ಬೈಯಲಿಲ್ಲ, ಕೋಲನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿದರು, ಅಷ್ಟೇ, ಅವರು ಕೋಲು ಮಲಗಿಸಿದರೆ ಹೊರಡು ಎಂದರ್ಥ, ಎಲ್ಲರಿಗೂ ಗೊತ್ತು, ಅವಳು ಲೋಹದ ಕೊಳಲಿನ ಮೂರು ಭಾಗಗಳನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೋಗುವವರೆಗೂ ಯಾರೂ ಕೆಮ್ಮಲಿಲ್ಲ. ಸುಮ್ಮನೆ ಕೆನ್ನೆ ಉಬ್ಬಿಸಿ ಕೂತರೆ, ಮೈ ಸರಿಯಿಲ್ಲ ಎಂದುಕೊಂಡಾರು, ಪಾಪ ಎಂದಾರು, ಪಾಪ ಎನ್ನಿಸಿಕೊಂಡೇ ಮನೆಗೆ ಹೋಗಬಹುದು, ಮತ್ತೆ ಬಾಗಿಲು ಹಾಕಿಕೊಂಡು ಕೂರಬಹುದು, ಆದರೆ ಆ ಸ್ವರ, ನೀನೇನೇ ಇದು, ಆ ಸ್ವರ ಇದರೊಳಗೇ ಇದೆ, ಇಲ್ಲೇ, ಅಂಗೈಯಗಲದ ಕೊಳವೆಯಲ್ಲಿ ಸಿಕ್ಕಿಕೊಂಡಿದೆ — ಡ್ರಮ್ಮು ನಿಂತಿತು. ಕ್ಲಾರಿನೆಟ್ಟು ನಿಂತಿತು. ಅಜ್ಜ ಟ್ಯೂಬಾ ಇಳಿಸಿ ನನ್ನ ಕಡೆ ಹುಬ್ಬು ಹಾರಿಸಿದರು. ಕೋಲು ಮೇಲೆ. ನನ್ನ ಉಸಿರಿಗೆ ಕಾಯುತ್ತಿದೆ. ಊದಲಿಲ್ಲ — ಯಾರೋ ಮಾತಾಡಿದರು, ಸರ್, ವಾಲ್ವು ತಪ್ಪಾಗಿ ಹಾಕ್ಬಿಟ್ಟಿದೀನಿ, ಶ್ರುತೀನೂ ಸೇರಿಸಿರ್ಲಿಲ್ಲ, ಸುಳ್ಳು ಹೇಳಿದ್ದೆ, ಬಿಚ್ಚಿ ಹಾಕ್ಕೋತೀನಿ, ಕೊಡಿ ಸರ್ ಒಂದು ಅವಕಾಶ — ಒಡಕು ದನಿ, ಗಟ್ಟಿ ದನಿ, ಎಲ್ಲರೂ ತಿರುಗಿದರು, ಕೊನೆಯ ಸಾಲಿನವರೂ, ದನಿ ನನ್ನದೇ. ಮೇಷ್ಟ್ರು ಸ್ಟ್ಯಾಂಡಿನ ಕಡೆ ನೋಡುತ್ತಾರೆ. ನನ್ನ ಕಡೆ ನೋಡುತ್ತಾರೆ. ಕೋಲು ಇಳಿದಿಲ್ಲ, ಮಲಗಿಲ್ಲ, ಅದರ ಬಿಳಿ ತುದಿ, ನಡುಗುತ್ತಿದೆಯೋ, ನನ್ನ ಕಣ್ಣೋ, ಬಿಳಿ ತುದಿ, ಕೋಲು ಮೇಲೇ ಇದೆ, ಹೊರಡು ಎಂದಿಲ್ಲ, ಮೇಲೇ ಇದೆ.